ಕಾರಿ‘ನ’ ವೈಪರೋ, ಕಾರಿ‘ಗೆ’ ವೈಪರೋ?

ಆನ್‌ಲೈನ್‌ನಲ್ಲಿ ಕಾರಿನ ವೈಪರ್ ಹುಡುಕಿ ನೋಡಿ. ಒಂದೇ ಬಗೆಯ ಮಾಲು ಎರಡು ಥರದ ಹೆಸರಿನಲ್ಲಿ ಕಾಣಿಸುತ್ತದೆ. ಒಂದು ಕಡೆ ‘ಮಾರುತಿ ಸ್ವಿಫ್ಟ್ ವೈಪರ್, ಒರಿಜಿನಲ್ ಕ್ವಾಲಿಟಿ’ ಎಂದಿರುತ್ತದೆ. ಇನ್ನೊಂದು ಕಡೆ ಮೊದಲು ತಯಾರಕರ ಹೆಸರು, ಆಮೇಲೆ ‘ಮಾರುತಿ ಸ್ವಿಫ್ಟ್‌ಗೆ ಹೊಂದುವ ವೈಪರ್’ ಎಂದಿರುತ್ತದೆ. ಕೊಳ್ಳುವ ನಮಗೆ ಎರಡೂ ಒಂದೇ. ಬೆಲೆ ನೋಡುತ್ತೇವೆ, ಸ್ಟಾರ್ ಎಷ್ಟಿದೆ ನೋಡುತ್ತೇವೆ, ಆರ್ಡರ್ ಮಾಡುತ್ತೇವೆ. ಆದರೆ ಮಾರುವವರಿಗೆ ಈ ಎರಡು ಸಾಲುಗಳ ನಡುವಿನ ವ್ಯತ್ಯಾಸ ಅಂಗಡಿ ನಡೆಯುತ್ತದೋ ನಿಲ್ಲುತ್ತದೋ ಎನ್ನುವಷ್ಟು ದೊಡ್ಡದು.

ಈ ವಿಷಯ ನಮ್ಮಂಥ ವಿದ್ಯಾರ್ಥಿಗಳಿಗೇಕೆ ಅನ್ನಿಸಬಹುದು. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ನಮ್ಮ ತರಗತಿಯಲ್ಲೇ ನಾಲ್ಕೈದು ಜನ ಪಾಕೆಟ್ ಮನಿಗೆಂದು ಆನ್‌ಲೈನ್‌ನಲ್ಲಿ ಏನಾದರೂ ಮಾರುತ್ತಾರೆ. ಬೈಕ್ ಸ್ಟಿಕ್ಕರ್, ಕೀ ಕವರ್, 3ಡಿ ಪ್ರಿಂಟರ್‌ನಲ್ಲಿ ತೆಗೆದ ಮೊಬೈಲ್ ಹೋಲ್ಡರ್, ಹೀಗೆ. ಕೆಲಸ ಸಿಗುವುದು ತಡವಾದರೆ ಇದನ್ನೇ ದೊಡ್ಡದು ಮಾಡೋಣ ಎನ್ನುವವರೂ ಇದ್ದಾರೆ. ಜಿಎಸ್‌ಟಿ ಬಗ್ಗೆ, ಕೊರಿಯರ್ ದರದ ಬಗ್ಗೆ ಕೇಳಿದರೆ ಪಟಪಟನೆ ಹೇಳುತ್ತಾರೆ. ಟ್ರೇಡ್‌ಮಾರ್ಕ್ ದೂರು ಬಂದರೆ ಏನು ಮಾಡುತ್ತೀರಿ ಎಂದರೆ ಸುಮ್ಮನಾಗುತ್ತಾರೆ. ನನಗೂ ಇದರ ಪರಿಚಯವಾದದ್ದು ನಮ್ಮ ಸೋದರಮಾವನ ಅಂಗಡಿಯಿಂದಲೇ.

ಮಾವ ತುಮಕೂರಿನಲ್ಲಿ ಹದಿನೈದು ವರ್ಷದಿಂದ ಕಾರ್ ಆಕ್ಸೆಸರೀಸ್ ಅಂಗಡಿ ಇಟ್ಟುಕೊಂಡಿದ್ದಾರೆ. ಮಾಲು ಬರುವುದು ಬೆಂಗಳೂರಿನ ಜೆ.ಸಿ. ರಸ್ತೆಯಿಂದ. ಎರಡು ವರ್ಷದ ಹಿಂದೆ ಒಂದು ಆನ್‌ಲೈನ್ ತಾಣದಲ್ಲೂ ಮಾರಾಟ ಶುರು ಮಾಡಿದರು. ದಿನಕ್ಕೆ ಎಂಟು ಹತ್ತು ಪಾರ್ಸೆಲ್ ಹೋಗುತ್ತಿತ್ತು. ಕಳೆದ ವರ್ಷ ದೀಪಾವಳಿಗೆ ಮುಂಚೆ ಒಂದು ಇಮೇಲ್ ಬಂತು. ಒಂದು ಕಾರು ಕಂಪನಿ ಟ್ರೇಡ್‌ಮಾರ್ಕ್ ಉಲ್ಲಂಘನೆಯ ದೂರು ಕೊಟ್ಟಿದೆ, ನಿಮ್ಮ ಆರು ಲಿಸ್ಟಿಂಗ್ ತೆಗೆದಿದ್ದೇವೆ ಎಂದು ಅದರಲ್ಲಿತ್ತು. ಮೂರನೇ ದಿನ ಇಡೀ ಅಕೌಂಟ್ ನಿಂತಿತು. ಅವರಿಗೆ ಬರಬೇಕಿದ್ದ 41 ಸಾವಿರ ರೂಪಾಯಿಯನ್ನೂ ತಡೆಹಿಡಿದರು. ಅಂಗಡಿಯ ಇಬ್ಬರು ಹುಡುಗರಿಗೆ ಹಬ್ಬದ ಬೋನಸ್ ಕೊಡಬೇಕಿದ್ದದ್ದು ಆ ಹಣದಲ್ಲೇ.

‘ನಾನೇನು ಕದ್ದ ಮಾಲು ಮಾರಿದ್ದೀನೇನೋ? ನೀನು ಓದಿದೋನು, ಇದೇನು ನೋಡಿ ಹೇಳು’ ಎಂದು ಮಾವ ನನ್ನ ಕೈಗೆ ಫೋನ್ ಕೊಟ್ಟರು.

ಆರು ವಸ್ತುಗಳನ್ನೂ ಮೇಜಿನ ಮೇಲೆ ಇಟ್ಟು ನೋಡಿದೆವು. ಫ್ಲೋರ್ ಮ್ಯಾಟ್, ಮಡ್ ಫ್ಲ್ಯಾಪ್, ಡೋರ್ ವೈಸರ್, ವೈಪರ್. ಈ ನಾಲ್ಕರ ಮೇಲೆ ಕಾರು ಕಂಪನಿಯ ಯಾವ ಗುರುತೂ ಇರಲಿಲ್ಲ. ಲಿಸ್ಟಿಂಗಿನ ಹೆಸರಿನಲ್ಲಿ ಮಾತ್ರ ಕಾರಿನ ಹೆಸರಿತ್ತು. ಉಳಿದ ಎರಡು ಚಕ್ರದ ಮಧ್ಯಕ್ಕೆ ಕೂರಿಸುವ ವೀಲ್ ಕ್ಯಾಪ್ ಮತ್ತು ಕೀ ಕವರ್. ಇವೆರಡರ ಮೇಲೂ ಕಂಪನಿಯ ಲಾಂಛನ ಅಚ್ಚಾಗಿತ್ತು. ಹೋಲ್‌ಸೇಲ್ ಅಂಗಡಿಯಿಂದ ಬಂದದ್ದೇ ಹಾಗೆ. ಮಾವನ ಕಣ್ಣಿಗೆ ಆರೂ ಒಂದೇ. ದೂರು ಕೊಟ್ಟ ಕಂಪನಿಗೂ ಆರೂ ಒಂದೇ. ಕಾನೂನಿನ ಪುಸ್ತಕ ತೆರೆದರೆ ಅವು ಒಂದೇ ಅಲ್ಲ.

ನಮ್ಮ ದೇಶದಲ್ಲಿ ಇದಕ್ಕಿರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ. ನೋಂದಾಯಿತ ಹೆಸರನ್ನೋ ಲಾಂಛನವನ್ನೋ ಬೇರೆಯವರು ತಮ್ಮ ಮಾಲಿಗೆ ಬಳಸಿದರೆ ಅದು ಉಲ್ಲಂಘನೆ ಎಂದು ಸೆಕ್ಷನ್ 29 ಹೇಳುತ್ತದೆ. ಮುಂದಿನ ಸೆಕ್ಷನ್ 30ರಲ್ಲಿ ವಿನಾಯಿತಿಗಳಿವೆ. ಅದರ ಉಪವಿಧಿ (2)(ಡಿ) ಬಿಡಿಭಾಗದವರಿಗೆಂದೇ ಬರೆದಂತಿದೆ. ಒಂದು ವಸ್ತು ಇನ್ನೊಂದು ವಸ್ತುವಿನ ಭಾಗವಾಗಿ ಅಥವಾ ಜೊತೆಗೆ ಬಳಸಲು ತಯಾರಾಗಿದ್ದರೆ, ಅದು ಯಾವುದಕ್ಕೆ ಹೊಂದುತ್ತದೆ ಎಂದು ತಿಳಿಸಲು ಆ ಇನ್ನೊಂದರ ಹೆಸರನ್ನು ಹೇಳಬಹುದು. ಆದರೆ ಹಾಗೆ ಹೇಳುವುದು ನಿಜಕ್ಕೂ ಅಗತ್ಯವಾಗಿರಬೇಕು. ಆ ಕಂಪನಿಗೂ ನಮಗೂ ಇಲ್ಲದ ವ್ಯಾಪಾರ ಸಂಬಂಧ ಇದೆ ಎಂಬ ಭಾವನೆ ಬರಬಾರದು.

ಹೈಸ್ಕೂಲಿನಲ್ಲಿ ಕಲಿತ ವಿಭಕ್ತಿ ಪ್ರತ್ಯಯ ನೆನಪಿದೆಯೇ? ‘ಸ್ವಿಫ್ಟ್‌ನ ವೈಪರ್’ ಎಂದರೆ ಷಷ್ಠಿ. ವೈಪರ್ ಅವರದ್ದು ಎಂಬ ಅರ್ಥ ಬರುತ್ತದೆ. ‘ಸ್ವಿಫ್ಟ್‌ಗೆ ವೈಪರ್’ ಎಂದರೆ ಚತುರ್ಥಿ. ವೈಪರ್ ನಮ್ಮದು, ಹೊಂದುವುದು ಅವರ ಕಾರಿಗೆ. ಕಾಯ್ದೆ ಒಂದಿಡೀ ವಾಕ್ಯದಲ್ಲಿ ಹೇಳುವುದನ್ನು ಕನ್ನಡದಲ್ಲಿ ‘ಗೆ’ ಎಂಬ ಒಂದಕ್ಷರ ಹೇಳಿಬಿಡುತ್ತದೆ. ಮಾವನಿಗೆ ನಾನು ಅರ್ಥ ಮಾಡಿಸಿದ್ದು ಹೀಗೆಯೇ.

ನಮ್ಮ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಕಾರಿನ ಹೆಸರೂ ಇಂಥದ್ದೊಂದು ಪ್ರಸಿದ್ಧ ಮೊಕದ್ದಮೆಯಲ್ಲಿ ಬಂದಿದೆ. ದೆಹಲಿಯ ಪ್ರಿಯಸ್ ಆಟೊ ಇಂಡಸ್ಟ್ರೀಸ್ ಎಂಬ ಸಂಸ್ಥೆ ಕಾರಿನ ಬಿಡಿಭಾಗಗಳನ್ನು ತಯಾರಿಸಿ 2001ರಿಂದ ‘ಪ್ರಿಯಸ್’ ಹೆಸರಿನಲ್ಲಿ ಮಾರುತ್ತಿತ್ತು. ಟೊಯೋಟಾ ಕಂಪನಿ 1997ರಲ್ಲೇ ಜಪಾನಿನಲ್ಲಿ ಪ್ರಿಯಸ್ ಕಾರು ಬಿಡುಗಡೆ ಮಾಡಿತ್ತು. 2009ರಲ್ಲಿ ಅದು ಈ ಸಂಸ್ಥೆಯ ಮೇಲೆ ಮೊಕದ್ದಮೆ ಹೂಡಿತು. ಪೊಟ್ಟಣಗಳ ಮೇಲೆ ‘ಟೊಯೋಟಾ’, ‘ಇನ್ನೋವಾ’ ಎಂದು ಬರೆದದ್ದಕ್ಕೂ ಆಕ್ಷೇಪ ಇತ್ತು. ಮೊಕದ್ದಮೆ ನಡೆಯುವಾಗ ದೆಹಲಿ ಹೈಕೋರ್ಟ್ ಹಾಕಿದ ಷರತ್ತುಗಳನ್ನು ಆನ್‌ಲೈನ್‌ನಲ್ಲಿ ಮಾರುವ ಎಲ್ಲರೂ ಗೋಡೆಗೆ ಅಂಟಿಸಿಕೊಳ್ಳಬೇಕು. ಕಾರಿನ ಹೆಸರನ್ನು ಕಂಪನಿಯ ಲೋಗೊ ಶೈಲಿಯಲ್ಲಿ ಬರೆಯಬಾರದು. ‘ಜೆನ್ಯೂನ್ ಆಕ್ಸೆಸರೀಸ್’ ಎಂಬ ಮಾತಿನ ಬದಲು ತಯಾರಿಸಿದವರು ಯಾರೆಂದು ತಿಳಿಸಬೇಕು. ಕಾರಿನ ಹೆಸರಿಗೆ ಮುಂಚೆ, ಇದು ಆ ಕಾರಿಗೆ ಬಳಸಬಹುದಾದ ವಸ್ತು ಎಂಬರ್ಥದ ಮಾತಿರಬೇಕು. ‘ಪ್ರಿಯಸ್’ ಹೆಸರಿನ ಜಗಳ ಸುಪ್ರೀಂ ಕೋರ್ಟ್ ತಲುಪಿತು. 2001ರಲ್ಲಿ ಆ ಹೆಸರಿಗೆ ಭಾರತದಲ್ಲಿ ಸಾಕಷ್ಟು ಪರಿಚಯ ಇತ್ತೆಂದು ಟೊಯೋಟಾ ತೋರಿಸಲಿಲ್ಲ ಎಂದು 2017ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಆ ಹೆಸರು ಬಿಡಿಭಾಗ ತಯಾರಕರ ಬಳಿಯೇ ಉಳಿಯಿತು.

ಇನ್ನೊಂದು ತೀರ್ಪು ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಓದಲೇಬೇಕಾದದ್ದು. ಪೋಲೆಂಡಿನ ವ್ಯಾಪಾರಿಯೊಬ್ಬರು 1980 ಮತ್ತು 90ರ ದಶಕದ ಹಳೆಯ ಔಡಿ ಕಾರುಗಳಿಗೆ ಹೊಂದುವ ಮುಂಭಾಗದ ಗ್ರಿಲ್‌ಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತಿದ್ದರು. ಗ್ರಿಲ್ ಮೇಲೆ ಔಡಿ ಲಾಂಛನ ಇರಲಿಲ್ಲ. ಆದರೆ ಲಾಂಛನ ಕೂರಿಸುವ ಜಾಗ ಮಾತ್ರ ಆ ನಾಲ್ಕು ಬಳೆಗಳ ಆಕಾರದಲ್ಲೇ ಇತ್ತು. ಇದನ್ನೂ ಔಡಿ ತಡೆಯಬಹುದು ಎಂದು ಯುರೋಪಿನ ನ್ಯಾಯಾಲಯ 2024ರ ಜನವರಿ 25ರಂದು ಹೇಳಿತು. ಇಂಥ ಕಾರಿಗೆ ಹೊಂದುತ್ತದೆ ಎಂದು ತಿಳಿಸಲು ಹೆಸರು ಬಳಸುವುದೇ ಬೇರೆ, ಗುರುತನ್ನೇ ವಸ್ತುವಿನ ಮೈಮೇಲೆ ತರುವುದೇ ಬೇರೆ ಎಂಬುದು ಅದರ ತಿರುಳು. ಆ ತೀರ್ಪು ಭಾರತಕ್ಕೆ ಅನ್ವಯಿಸುವುದಿಲ್ಲ. ಆದರೂ ಹಳೆಯ ಭಾಗವೊಂದನ್ನು ಸ್ಕ್ಯಾನ್ ಮಾಡಿ ಕ್ಯಾಡ್‌ನಲ್ಲಿ ಯಥಾವತ್ತು ಬಿಡಿಸುವಾಗ, ನಾವು ಎಳೆಯುವ ಒಂದು ಗೆರೆಯೂ ಕಾನೂನಿನ ವಿಷಯ ಆಗಬಹುದು ಎಂಬ ಎಚ್ಚರ ನಮಗಿರಬೇಕು.

ಇದನ್ನೆಲ್ಲ ಓದಿಕೊಂಡ ಮೇಲೆ ಮಾವನ ಪರವಾಗಿ ಉತ್ತರ ಬರೆದೆವು. ಲಾಂಛನ ಇದ್ದ ಎರಡು ವಸ್ತುಗಳನ್ನು ಇನ್ನು ಮಾರುವುದಿಲ್ಲ ಎಂದು ಒಪ್ಪಿಕೊಂಡೆವು. ಉಳಿದ ನಾಲ್ಕಕ್ಕೆ ಹೋಲ್‌ಸೇಲ್ ಬಿಲ್, ವಸ್ತುವಿನ ನಾಲ್ಕೂ ಬದಿಯ ಫೋಟೊ ಮತ್ತು ಬದಲಿಸಿ ಬರೆದ ಹೆಸರನ್ನು ಕಳಿಸಿದೆವು. ಸೆಕ್ಷನ್ 30ರ ಮಾತನ್ನೂ ಬರೆದೆವು. ಅದರ ಪ್ರತಿಯನ್ನು ದೂರು ಕೊಟ್ಟವರ ಇಮೇಲ್‌ಗೂ ಹಾಕಿದೆವು. ಮೊದಲ ಮೂರು ವಾರ ಸಿದ್ಧ ಉತ್ತರಗಳೇ ಬಂದವು. ನಲವತ್ತು ದಿನ ಕಳೆದ ಮೇಲೆ ಅಕೌಂಟ್ ತೆರೆಯಿತು, ಹಣ ಬಂತು, ಮೂರು ಲಿಸ್ಟಿಂಗ್ ವಾಪಸಾದವು. ಮಡ್ ಫ್ಲ್ಯಾಪ್ ಮಾತ್ರ ಇವತ್ತಿಗೂ ಬಂದಿಲ್ಲ, ಕಾರಣವನ್ನೂ ಹೇಳಿಲ್ಲ. ಅಷ್ಟರಲ್ಲಿ ದೀಪಾವಳಿ ಮುಗಿದಿತ್ತು. ಹುಡುಗರ ಬೋನಸ್ಸಿಗೆ ಮಾವ ಚೀಟಿ ಹಣ ಎತ್ತಿದ್ದರು. ಲಾಂಛನದ ವೀಲ್ ಕ್ಯಾಪ್‌ಗಳನ್ನು ಹೋಲ್‌ಸೇಲ್‌ನವರು ವಾಪಸ್ ತೆಗೆದುಕೊಳ್ಳಲಿಲ್ಲ. ಒಂದು ಚೀಲದಷ್ಟು ಮಾಲು ಅಟ್ಟದ ಮೇಲೆ ಬಿದ್ದಿದೆ.

ದೂರು ಕೊಟ್ಟವರೆಲ್ಲ ಕೆಟ್ಟವರಲ್ಲ. ನಕಲಿ ಬ್ರೇಕ್ ಪ್ಯಾಡ್ ಅನ್ನು ಕಂಪನಿಯ ಡಬ್ಬಿಯಲ್ಲಿ ಹಾಕಿ ಮಾರುವವರಿದ್ದಾರೆ. ಘಾಟಿಯ ಇಳಿಜಾರಿನಲ್ಲಿ ಅಂಥ ಪ್ಯಾಡ್ ಕೈಕೊಟ್ಟರೆ ಹೋಗುವುದು ಜೀವ. ಸುಳ್ಳು ಟ್ರೇಡ್‌ಮಾರ್ಕ್ ಹಾಕುವವರಿಗೂ ಅಂಥ ಮಾಲು ಮಾರುವವರಿಗೂ ಕಾಯ್ದೆಯ ಸೆಕ್ಷನ್ 103 ಮತ್ತು 104ರಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಇರಲೇಬೇಕು.

ಆದರೆ ಆನ್‌ಲೈನ್ ತಾಣದಲ್ಲಿ ದೂರು ಬಂದಾಗ ಅಲ್ಲಿ ನ್ಯಾಯಾಧೀಶರಿಲ್ಲ. ಲಿಸ್ಟಿಂಗ್ ಉಳಿಸಿಕೊಂಡರೆ ತಾಣಕ್ಕೇ ತೊಂದರೆಯ ಭಯ, ತೆಗೆದರೆ ಅದಕ್ಕೆ ನಷ್ಟ ಅಷ್ಟಾಗಿ ಇಲ್ಲ. ಹಾಗಾಗಿ ಮೊದಲು ತೆಗೆಯುತ್ತಾರೆ, ಆಮೇಲೆ ಕೇಳುತ್ತಾರೆ. ದೂರು ಕೊಡಲು ಒಂದು ಫಾರಂ ಸಾಕು. ಅದನ್ನು ಅಳಿಸಿಹಾಕಲು ನಲವತ್ತು ದಿನ ಬೇಕು. ಆ ನಲವತ್ತು ದಿನವನ್ನು ದೊಡ್ಡ ಕಂಪನಿ ಗಮನಿಸುವುದೂ ಇಲ್ಲ, ಸಣ್ಣ ಅಂಗಡಿ ತಡೆದುಕೊಳ್ಳುವುದೂ ಇಲ್ಲ. ಮ್ಯಾಟ್, ವೈಸರ್‌ಗಳನ್ನು ಕಾರು ಕಂಪನಿಗಳೂ ಮಾರುತ್ತವೆ ಎಂಬುದನ್ನು ಮರೆಯಬಾರದು. ಬಿಡಿಭಾಗದ ಮಾರುಕಟ್ಟೆಯಲ್ಲಿ ಪೈಪೋಟಿಯ ಪ್ರಶ್ನೆ ಹೊಸದಲ್ಲ. ಬಿಡಿಭಾಗ ಮತ್ತು ರಿಪೇರಿ ಉಪಕರಣಗಳು ಹೊರಗಿನ ಗ್ಯಾರೇಜುಗಳಿಗೆ ಮುಕ್ತವಾಗಿ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಕಂಪನಿಗಳು ಅದನ್ನು ಪ್ರಶ್ನಿಸಿ ಮೇಲಿನ ಹಂತಕ್ಕೆ ಹೋದವು. ಟ್ರೇಡ್‌ಮಾರ್ಕ್ ದೂರು ಅದರಷ್ಟು ಸದ್ದು ಮಾಡುವುದಿಲ್ಲ. ಆದರೆ ತಪ್ಪಾಗಿ ಬಳಸಿದರೆ ಅದೂ ಸಣ್ಣವರನ್ನು ಮಾರುಕಟ್ಟೆಯಿಂದ ಹೊರಗೆ ಹಾಕುತ್ತದೆ.

ಹಾಗಾದರೆ ಏನು ಮಾಡಬೇಕು? ದೂರು ಬಂದ ತಕ್ಷಣ ಅದು ಯಾವ ಬಗೆಯದು ಎಂದು ಓದಿ. ಟ್ರೇಡ್‌ಮಾರ್ಕ್, ಡಿಸೈನ್, ಪೇಟೆಂಟ್ ಮೂರೂ ಬೇರೆ. ಬಂಪರಿನ ಆಕಾರವನ್ನು 2000ದ ಡಿಸೈನ್ಸ್ ಕಾಯ್ದೆಯಡಿ ನೋಂದಾಯಿಸಿದ್ದರೆ ಹತ್ತು ವರ್ಷ, ವಿಸ್ತರಿಸಿದರೆ ಇನ್ನೈದು ವರ್ಷ ರಕ್ಷಣೆ ಇರುತ್ತದೆ. ಅಲ್ಲಿ ‘ಗೆ’ ವಾದ ನಡೆಯುವುದಿಲ್ಲ. ದೂರಿನಲ್ಲಿ ಕೊಟ್ಟ ನೋಂದಣಿ ಸಂಖ್ಯೆಯನ್ನು ಟ್ರೇಡ್ ಮಾರ್ಕ್ಸ್ ರಿಜಿಸ್ಟ್ರಿಯ ತಾಣದಲ್ಲಿ ಉಚಿತವಾಗಿ ನೋಡಬಹುದು. ತೆಗೆದ ಲಿಸ್ಟಿಂಗನ್ನೇ ಇನ್ನೊಂದು ಹೆಸರಿನ ಅಕೌಂಟ್‌ನಲ್ಲಿ ಹಾಕುವ ಉಪಾಯ ಬೇಡ. ಆಗ ಸರಿ ಇದ್ದವರೂ ಕಳ್ಳರಂತೆ ಕಾಣುತ್ತಾರೆ. ಪ್ರತಿ ಖರೀದಿಗೂ ಬಿಲ್ ಇಟ್ಟುಕೊಳ್ಳಿ. ಹೋಲ್‌ಸೇಲ್‌ನವರು ಕೊಟ್ಟ ಚಿತ್ರ ಬಿಟ್ಟು ನೀವೇ ಫೋಟೊ ತೆಗೆಯಿರಿ. ಆಧಾರವಿಲ್ಲದ ಬೆದರಿಕೆ ಮುಂದುವರಿದರೆ ಸೆಕ್ಷನ್ 142ರ ಪ್ರಕಾರ ನೀವೇ ಕೋರ್ಟಿಗೆ ಹೋಗಬಹುದು. ಆದರೆ ಅದಕ್ಕೆ ವಕೀಲರ ಸಲಹೆ ಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು, ನಿಮ್ಮದೇ ಒಂದು ಹೆಸರು ಇಟ್ಟುಕೊಳ್ಳುವುದು. ಒಬ್ಬ ವ್ಯಕ್ತಿ ಅಥವಾ ಸ್ಟಾರ್ಟ್‌ಅಪ್ ಆನ್‌ಲೈನ್‌ನಲ್ಲಿ ಟ್ರೇಡ್‌ಮಾರ್ಕ್ ಅರ್ಜಿ ಹಾಕಲು ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. ನೋಂದಣಿ ಹತ್ತು ವರ್ಷ ಇರುತ್ತದೆ, ಮತ್ತೆ ನವೀಕರಿಸಬಹುದು. ಮಾವ ಈಗ ಸ್ಥಳೀಯವಾಗಿ ಹೊಲಿಸುವ ಮ್ಯಾಟ್‌ಗಳಿಗೆ ಅತ್ತೆಯ ಹೆಸರಿಟ್ಟು ಅರ್ಜಿ ಹಾಕಿದ್ದಾರೆ. ಲಿಸ್ಟಿಂಗಿನಲ್ಲಿ ಆ ಹೆಸರು ಮೊದಲು ಬರುತ್ತದೆ, ಕಾರಿನ ಹೆಸರು ಕೊನೆಗೆ.

ಈ ಕ್ಷೇತ್ರದಲ್ಲಿ ಕೆಲಸವೂ ಇದೆ. ಎಂಜಿನಿಯರಿಂಗ್ ಪದವಿ ಇದ್ದವರು 21 ವರ್ಷ ತುಂಬಿದ ಮೇಲೆ ಪೇಟೆಂಟ್ ಏಜೆಂಟ್ ಪರೀಕ್ಷೆ ಬರೆಯಬಹುದು. ಯಂತ್ರವೂ ಗೊತ್ತಿದ್ದು ಕಾನೂನೂ ಗೊತ್ತಿರುವವರು ಸಣ್ಣ ಊರುಗಳ ಅಂಗಡಿಗಳಿಗೆ ಬೇಕಾಗಿದ್ದಾರೆ. ಅಲ್ಲಿಯವರೆಗೆ ಏನನ್ನಾದರೂ ಮಾರಲು ಹಾಕುವ ಮುಂಚೆ ಅದರ ಹೆಸರನ್ನು ಒಮ್ಮೆ ಜೋರಾಗಿ ಓದಿ. ಇದು ಯಾರು ಮಾಡಿದ್ದು ಎಂದು ಕೇಳಿದವರಿಗೆ ಆ ಒಂದು ಸಾಲಿನಲ್ಲೇ ನಿಜವಾದ ಉತ್ತರ ಸಿಗಬೇಕು.