ಐತಿಹ್ಯದ ವ್ಯಕ್ತಿ, ಸಣ್ಣಕಥೆಯ ಪಾತ್ರ: ಓಬವ್ವನ ನಿದರ್ಶನ

ರೂಪ, ವಯಸ್ಸು, ಗುಣಗಳ ವಿವರ ಹೆಚ್ಚಿದಷ್ಟೂ ಕಥೆಯ ಪಾತ್ರ ನಂಬುಗೆಗೆ ಅರ್ಹವಾಗುತ್ತದೆ ಎಂಬ ಭಾವನೆ ವ್ಯಾಪಕವಾಗಿದೆ. ಚಿತ್ರದುರ್ಗ ಪರಿಸರದ ಮೌಖಿಕ ಕಥನಗಳು ಇದಕ್ಕೆ ಭಿನ್ನವಾದ ಮಾರ್ಗವನ್ನು ತೋರುತ್ತವೆ. ಒನಕೆ ಓಬವ್ವನ ಐತಿಹ್ಯ ಅದಕ್ಕೆ ಉತ್ತಮ ನಿದರ್ಶನ.

ಹೈದರಾಲಿಯ ಸೇನೆ ದುರ್ಗವನ್ನು ಮುತ್ತಿದ ಕಾಲ. ಕೋಟೆಯ ಕಾವಲುಗಾರನೊಬ್ಬ ಊಟಕ್ಕೆ ಮನೆಗೆ ಬಂದಿದ್ದಾನೆ. ನೀರು ತರಲು ಹೋದ ಅವನ ಹೆಂಡತಿ, ಬಂಡೆಗಳ ನಡುವಣ ಕಿಂಡಿಯಲ್ಲಿ ಶತ್ರುಗಳು ನುಸುಳುತ್ತಿರುವುದನ್ನು ಕಾಣುತ್ತಾಳೆ. ಒನಕೆ ಹಿಡಿದು ನಿಂತು, ಒಬ್ಬೊಬ್ಬರಾಗಿ ತಲೆ ತೂರಿಸಿದವರನ್ನು ಬಡಿದು ಕೊಲ್ಲುತ್ತಾಳೆ.

ಇಲ್ಲಿ ಓಬವ್ವನ ಮುಖಲಕ್ಷಣವಿಲ್ಲ, ಪೂರ್ವವೃತ್ತಾಂತವಿಲ್ಲ. ಆದರೂ ಕೇಳುಗ ಅವಳನ್ನು ನಂಬುತ್ತಾನೆ. ಇದಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದು ಉಪಕರಣ. ಅವಳ ಕೈಗೆ ಕತ್ತಿ ಕೊಟ್ಟಿದ್ದರೆ, ಅದನ್ನು ಎಲ್ಲಿ ಕಲಿತಳೆಂಬ ಪ್ರಶ್ನೆ ಏಳುತ್ತಿತ್ತು. ದಿನವೂ ಕುಟ್ಟುವ ತೋಳಿಗೆ ಒನಕೆ ಸಹಜವಾದದ್ದು. ಎರಡನೆಯದು ಸ್ಥಳ. ಕಿಂಡಿ ಇಕ್ಕಟ್ಟಾದುದರಿಂದ ಹಲವರನ್ನು ಒಬ್ಬಳೇ ಎದುರಿಸುವುದು ಸಾಧ್ಯವೆನಿಸುತ್ತದೆ. ಮೂರನೆಯದು ನಿರ್ಧಾರ. ಉಣ್ಣುತ್ತಿರುವ ಗಂಡನನ್ನು ಎಬ್ಬಿಸದೆ ಅವಳು ತಾನೇ ಮುಂದಾಗುತ್ತಾಳೆ. ಅವಳ ಸ್ವಭಾವ ತಿಳಿಯುವುದು ಈ ಕ್ರಿಯೆಯಿಂದಲೇ ಹೊರತು ವಿಶೇಷಣಗಳಿಂದಲ್ಲ. ಅವಳ ಸಾಹಸ ಇತಿಹಾಸವನ್ನು ಬದಲಿಸಿತೆಂದೂ ಐತಿಹ್ಯ ಹೇಳುವುದಿಲ್ಲ. 1779ರಲ್ಲಿ ದುರ್ಗ ಹೈದರಾಲಿಯ ವಶವಾಯಿತು.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯಲ್ಲೂ ನೆಲೆಸಿರುವ ಕಾಡುಗೊಲ್ಲರ ಜುಂಜಪ್ಪನ ಕಾವ್ಯ ದೀರ್ಘವಾದುದು. ಪವಾಡಪುರುಷನಾದ ಜುಂಜಪ್ಪ ಅಲ್ಲಿ ಮನುಷ್ಯನಾಗಿ ಕಾಣುವುದು ಪಶುಪಾಲನೆಯ ವಿವರಗಳ ನಡುವೆ. ಮಹಾಕಾವ್ಯಕ್ಕೆ ಇಡೀ ಬದುಕಿನ ಅವಕಾಶವಿದೆ. ಐತಿಹ್ಯಕ್ಕೆ ಇರುವುದು ಒಂದು ಊಟದ ಹೊತ್ತು ಮಾತ್ರ. ಸಣ್ಣಕಥೆ ಈ ಎರಡನೆಯದರ ಸಮೀಪಬಂಧು. ಪಾತ್ರದ ನಿತ್ಯದ ಕೆಲಸ, ಅದು ನಿಂತ ನೆಲ, ತಪ್ಪಿಸಿಕೊಳ್ಳಲಾಗದ ಒಂದು ನಿರ್ಧಾರ, ಇವಿಷ್ಟನ್ನು ಕಥೆಗಾರ ಖಚಿತವಾಗಿ ಅರಿತಿದ್ದರೆ ಉಳಿದ ವರ್ಣನೆಯನ್ನು ಓದುಗನೇ ತುಂಬಿಕೊಳ್ಳುತ್ತಾನೆ.

1972ರ ‘ನಾಗರಹಾವು’ ಚಲನಚಿತ್ರ ಓಬವ್ವನನ್ನು ನಾಡಿನಾದ್ಯಂತ ಪರಿಚಯಿಸಿತು. ಇಂದು ಅವಳ ಹೆಸರಿನಲ್ಲಿ ಜಯಂತಿ, ಪ್ರತಿಮೆಗಳಿವೆ. ಈ ಗೌರವ ಉಚಿತವಾದದ್ದೇ. ಆದರೆ ಸ್ತುತಿಯ ಭರದಲ್ಲಿ ನೀರಿನ ಕೊಡವೂ ಗಂಡನ ಊಟವೂ ಮರೆಯಾದರೆ, ಉಳಿಯುವುದು ವೀರತೆಯ ಸಂಕೇತ ಮಾತ್ರ. ಓಬವ್ವನೆಂಬ ಹೆಣ್ಣುಮಗಳು ಉಳಿಯುವುದಿಲ್ಲ. ಆದುದರಿಂದ ಇಂತಹ ಐತಿಹ್ಯಗಳನ್ನು ಸಂಗ್ರಹಿಸುವವರು ಸಾಹಸದ ಸಾರಾಂಶಕ್ಕೆ ತೃಪ್ತರಾಗದೆ, ನಿರೂಪಕರು ಹೇಳುವ ಮನೆವಾರ್ತೆಯ ವಿವರಗಳನ್ನೂ ಯಥಾವತ್ತಾಗಿ ದಾಖಲಿಸುವುದು ಅಗತ್ಯ.