ನೀನಾರೆಂದು ಕೇಳುವ ಆಟ

ದೊಡ್ಡಾಟದ ಅಟ್ಟದ ಮೇಲೆ ಹೊಸ ವೇಷ ಬಂದು ನಿಂತರೆ ಸಾರಥಿ ಸುಮ್ಮನೆ ಬಿಡುವುದಿಲ್ಲ. ನೀವು ಯಾರು, ಯಾವ ದೇಶದವರು, ಈ ಸಭೆಗೆ ಬಂದ ಕಾರಣವೇನು ಎಂದು ಕೇಳುತ್ತಾನೆ. ಪಾತ್ರಧಾರಿ ಉತ್ತರ ಕೊಟ್ಟ ಮೇಲೆಯೇ ಕಥೆ ಮುಂದೆ ಸಾಗುತ್ತದೆ. ಕಂಪ್ಯೂಟರ್ ಆಟಗಳಲ್ಲಿ ‘ರೋಲ್ ಪ್ಲೇಯಿಂಗ್ ಗೇಮ್’, ಚುಟುಕಾಗಿ ಆರ್‌ಪಿಜಿ, ಎಂಬ ಪ್ರಕಾರ ಶುರುವಾಗುವುದೂ ಇದೇ ಪ್ರಶ್ನೆಯಿಂದ. ಆಡುವವರು ಒಂದು ಪಾತ್ರ ಹೊರಬೇಕು. ಅದರ ಹೆಸರು, ಕಸುಬು, ಬಲ, ಕೊರತೆ ಎಲ್ಲವನ್ನೂ ತಾವೇ ಆರಿಸಬೇಕು. ಆಮೇಲೆ ಯಾರಿಗೆ ನೆರವಾದೆವು, ಯಾರಿಗೆ ಸುಳ್ಳು ಹೇಳಿದೆವು ಎಂಬುದರ ಮೇಲೆ ಕಥೆ ಕವಲೊಡೆಯುತ್ತದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟಕ್ಕೆ ಬೇಕಿದ್ದುದು ಕಾಗದ, ಪೆನ್ಸಿಲ್, ದಾಳ ಮತ್ತು ಕಥೆ ನಡೆಸುವ ಒಬ್ಬ. ಅವನನ್ನು ನಮ್ಮ ಕಡೆಯವರು ನೋಡಿದ್ದರೆ ಸಾರಥಿ ಎಂದೇ ಕರೆಯುತ್ತಿದ್ದರು. ಮುಂದೆ ಅವನ ಕೆಲಸವನ್ನು ಕಂಪ್ಯೂಟರ್ ವಹಿಸಿಕೊಂಡಿತು. ಕವಡಿ ಎಸೆದು ಆಡುವುದೂ ಬಣ್ಣ ಹಚ್ಚಿ ಕುಣಿಯುವುದೂ ಕನ್ನಡದಲ್ಲಿ ಆಟವೇ. ಎರಡನ್ನೂ ಒಂದೇ ಶಬ್ದದಲ್ಲಿ ಹಿಡಿದ ಭಾಷೆಗೆ ಈ ಕಲೆ ಹೊರಗಿನದಾಗಿ ಕಾಣಬೇಕಿಲ್ಲ.

ದೊಡ್ಡ ಕಂಪನಿಗಳ ಹಂಗಿಲ್ಲದೆ ಸಣ್ಣ ತಂಡಗಳು ಮಾಡುವ ಆಟಗಳಿಗೆ ಇಂಡೀ ಎನ್ನುತ್ತಾರೆ. ಪ್ರಾಚೀನ ಭಾರತದ ಛಾಯೆಯ ಇಂಡೀ ಆಟಗಳಿಗಾಗಿ ಕಾಯುವವರು ಈಗ ಸಾಕಷ್ಟು ಮಂದಿ ಇದ್ದಾರೆ. ಅದಕ್ಕೆ ದಾರಿ ಮಾಡಿದ್ದು ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡದ ‘ರಾಜಿ: ಆ್ಯನ್ ಏನ್ಶಿಯಂಟ್ ಎಪಿಕ್’. 2017ರಲ್ಲಿ ಜನರಿಂದ ಹಣ ಕೂಡಿಸಲು ಹೊರಟು ಗುರಿ ಮುಟ್ಟದೆ ನಿಂತ ಆಟ ಅದು. ತಂಡ ಕೈಬಿಡಲಿಲ್ಲ, 2020ರಲ್ಲಿ ಆಟ ಹೊರಬಂತು, ಅದೇ ವರ್ಷ ‘ದಿ ಗೇಮ್ ಅವಾರ್ಡ್ಸ್’ನ ಚೊಚ್ಚಲ ಆಟಗಳ ಸಾಲಿನಲ್ಲಿ ನಾಮನಿರ್ದೇಶನವನ್ನೂ ಪಡೆಯಿತು. ಮುಂದಿನ ಕಥೆ ‘ರಾಜಿ: ಕಲಿಯುಗ’ ಘೋಷಣೆಯಾಗಿದೆ. ರಾಜಿ ಮುಖ್ಯವಾಗಿ ಸೆಣಸಾಟದ ಆಟ, ಪೂರ್ಣ ಅರ್ಥದ ಆರ್‌ಪಿಜಿ ಅಲ್ಲ. ಪ್ರಾಚೀನ ಎಂದೊಡನೆ ದೇವರು, ಅಸುರರು, ದಿವ್ಯಾಸ್ತ್ರಗಳು ಕಣ್ಣ ಮುಂದೆ ಬರುವುದು ಸಹಜ, ಸೆಣಸಾಟಕ್ಕೆ ಅದು ಒಗ್ಗುತ್ತದೆ ಕೂಡ. ಪಾತ್ರ ಹೊತ್ತು ಆಡುವ ಆಟದ ಹಸಿವು ಬೇರೆ. ಅದಕ್ಕೆ ಒಂದು ಊರು ಬೇಕು, ಊರಿಗೆ ಬೀದಿ ಬೇಕು, ಬೀದಿಯಲ್ಲಿ ಕೆಲಸವಿರುವ ಜನ ಬೇಕು. ಕನ್ನಡದಲ್ಲಿ ಅಂಥದೊಂದು ಆಟ ಬರುವುದಾದರೆ ಅದು 12ನೇ ಶತಮಾನದ ಕಲ್ಯಾಣದಿಂದ, ಅದರ ಸುತ್ತಲಿನ ಜಹೀರಾಬಾದ್, ನಾರಾಯಣಖೇಡ, ತಾಂಡೂರು, ದೌಲತಾಬಾದ್ ಸೀಮೆಯಿಂದ ಬರಬೇಕು ಎಂಬುದು ಈ ಲೇಖನದ ವಾದ.

ಸಣ್ಣ ಸೀಮೆಯೊಂದು ಇಡೀ ಆಟವನ್ನು ಹೊರಬಲ್ಲದೇ ಎಂಬ ಸಂಶಯಕ್ಕೆ ಚೆಕ್ ದೇಶದಲ್ಲಿ ಉತ್ತರವಿದೆ. ಅಲ್ಲಿನ ವಾರ್‌ಹಾರ್ಸ್ ಸ್ಟುಡಿಯೋಸ್ 2014ರಲ್ಲಿ ಆಟಗಾರರಿಂದಲೇ 11 ಲಕ್ಷ ಪೌಂಡ್ ಕೂಡಿಸಿ, 2018ರಲ್ಲಿ ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’ ಎಂಬ ಆರ್‌ಪಿಜಿ ತಂದಿತು. ಕಾಲ 1403, ಜಾಗ ಬೊಹೀಮಿಯಾದ ಸಾಜಾವಾ ನದಿಯ ಬಳಿಯ ಕೆಲವು ನಿಜವಾದ ಹಳ್ಳಿಗಳು, ನಾಯಕ ಒಬ್ಬ ಕಮ್ಮಾರನ ಮಗ. ಮಾಯಮಂತ್ರವಿಲ್ಲ, ಬೆಂಕಿಯುಗುಳುವ ಪ್ರಾಣಿಯಿಲ್ಲ. ಆ ಹುಡುಗನಿಗೆ ಓದು ಬಾರದು. ಪುಸ್ತಕ ತೆರೆದರೆ ಆಡುವವರ ಕಣ್ಣಿಗೂ ಅಕ್ಷರಗಳು ಕಲಸಿ ಹೋದಂತೆ ಕಾಣುತ್ತವೆ. ಲಿಪಿಕಾರನ ಬಳಿ ಹೋಗಿ ಕಲಿತ ಮೇಲೆ ಒಂದೊಂದೇ ಪದ ತಿಳಿಯಾಗುತ್ತದೆ. ಅನಕ್ಷರತೆ ಹೇಗಿರುತ್ತದೆ ಎಂದು ಯಾವ ಭಾಷಣವೂ ಇಷ್ಟು ನೇರವಾಗಿ ಹೇಳಲಾರದು. 2024ರಲ್ಲಿ ಚೀನಾದ ‘ಬ್ಲ್ಯಾಕ್ ಮಿಥ್: ವುಕಾಂಗ್’ ಬಂದಾಗ ಇನ್ನೊಂದು ಸಂಗತಿ ಕಂಡಿತು: ಶಾಂಶಿ ಪ್ರಾಂತ್ಯದ ಹಳೆಯ ಗುಡಿಗಳನ್ನು ಅಳೆದು ತೆಗೆದ ದೃಶ್ಯಗಳನ್ನು ಆಟದಲ್ಲಿ ಕಂಡವರು ಆ ಗುಡಿಗಳನ್ನೇ ಹುಡುಕಿಕೊಂಡು ಹೊರಟರು. ಅದು ಪುರಾಣದ ಆಟವೇ, ಆದರೂ ಜನರನ್ನು ಎಬ್ಬಿಸಿ ಹೊರಡಿಸಿದ್ದು ನಿಜವಾದ ಕಲ್ಲು.

ನಮ್ಮ ಸೀಮೆಯ ಕಲ್ಲು ಮಣ್ಣು ಇದಕ್ಕಿಂತ ಬಡವಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯ ನಾರಾಯಣಖೇಡವೂ ಜಹೀರಾಬಾದಿನ ಹೆಚ್ಚಿನ ಭಾಗವೂ, ಕಲಬುರಗಿ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳೂ ಆಂಧ್ರಕ್ಕೆ ಸೇರಿದವು. ಇಂದು ಅವು ತೆಲಂಗಾಣದಲ್ಲಿವೆ. ನದಿಗೆ ಆ ಗೆರೆ ಗೊತ್ತಿಲ್ಲ. ತಾಂಡೂರಿನ ಮಗ್ಗುಲಲ್ಲಿ ಹರಿಯುವ ಕಾಗಿಣಾ ಮಳಖೇಡದ ಕೋಟೆಯ ಬಳಿ ಹಾಯ್ದು ಭೀಮೆಗೆ ಸೇರುತ್ತದೆ. ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ ಲೆಕ್ಕದ ಒಗಟುಗಳ ಕಣಜ. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಇತ್ತ ಜಹೀರಾಬಾದಿನಿಂದ ಹುಮನಾಬಾದಿನ ಹೆದ್ದಾರಿ ಹಿಡಿದು ಮುಂದೆ ಹೋದರೆ ಬಸವಕಲ್ಯಾಣ, ಅಂದರೆ ಚಾಲುಕ್ಯರ ರಾಜಧಾನಿಯಾಗಿದ್ದ ಅಂದಿನ ಕಲ್ಯಾಣ. ಆಟದ ನಕ್ಷೆ ಬರೆಯಲು ಇಷ್ಟು ಸಾಕು: ಒಂದು ನದಿ, ಒಂದು ಪಾಳು ಕೋಟೆ, ಒಂದು ತುಂಬಿದ ರಾಜಧಾನಿ.

ಈ ರಾಜಧಾನಿಯಲ್ಲಿ ಕೂತು ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಐದು ವಿಂಶತಿಗಳು, ಒಂದೊಂದರಲ್ಲಿ 20 ಅಧ್ಯಾಯಗಳು. ರಾಜ್ಯ ಪಡೆಯುವುದು, ಉಳಿಸಿಕೊಳ್ಳುವುದು, ಉಪಭೋಗ, ವಿನೋದ, ಕೊನೆಗೆ ಕ್ರೀಡೆ. ಆಟ ಕಟ್ಟುವವರ ಕಣ್ಣಿನಿಂದ ಓದಿದರೆ ಇದು ಸಿದ್ಧ ನಿಯಮಾವಳಿ. ಕೊನೆಯ ವಿಂಶತಿಯಲ್ಲಿ ಚದುರಂಗ, ಪಗಡೆಯ ದಾಳ, ಕವಡಿ, ಒಗಟು ಇವೆ. ಜೊತೆಗೆ ಬೆಟ್ಟ, ವನ, ಉಯ್ಯಾಲೆ, ಮರಳು, ಬೆಳದಿಂಗಳು, ಕತ್ತಲೆ ಇವೂ ಆಟದ ಅಂಗಳಗಳೇ. ಮೀನುಗಳ ಜಾತಿ, ಯಾವುದಕ್ಕೆ ಯಾವ ಆಹಾರ ಎಂಬ ವಿವರವಿದೆ. ಟಗರು, ಕೋಣ, ಲಾವುಗೆ ಹಕ್ಕಿಗಳ ಕಾಳಗವಿದೆ. ಅಡುಗೆಯ ಭಾಗದಲ್ಲಿ ಇಂದಿನ ಇಡ್ಲಿಯ ಪೂರ್ವಜೆ ಇಡ್ಡರಿಕಾ ಇದೆ, ಬೇಳೆಗಳ ಸಾಲಿನಲ್ಲಿ ‘ಆಢಕಿ’ ಎಂಬ ಹೆಸರಿನಲ್ಲಿ ತೊಗರಿಯಿದೆ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದ್ದನ್ನು ಬಲ್ಲವರಿಗೆ ಆ ಹೆಸರು ಓದುವಾಗ ಹಿಗ್ಗಾಗದೆ ಇರದು. ಅಲ್ಲಿ ಸಿಗದಿರುವುದೂ ಅಷ್ಟೇ ಮುಖ್ಯ: ಮೆಣಸಿನಕಾಯಿ ಪೋರ್ಚುಗೀಸರ ಕಾಲಕ್ಕೆ ಬಂದದ್ದು, ಹಾಗಾಗಿ ಈ ಆಟದ ಒಲೆಯ ಮೇಲೆ ಖಾರಕ್ಕೆ ಕರಿಮೆಣಸೇ ಗತಿ.

ಇದು ಅರಮನೆಯ ಪುಸ್ತಕ, ಅರಸನ ಕಣ್ಣಿಗೆ ಕಂಡದ್ದಷ್ಟೇ ಇಲ್ಲಿದೆ ಎಂಬ ಆಕ್ಷೇಪ ನ್ಯಾಯವಾದದ್ದು. ಸೋಮೇಶ್ವರನಿಗೆ ಉಯ್ಯಾಲೆಯ ಸುಖ ಗೊತ್ತು. ಉಯ್ಯಾಲೆಯ ಹಗ್ಗ ಹೊಸೆದ ಕೈಯ ಗಾಯ ಗೊತ್ತಿಲ್ಲ. ಆ ಕೈಗಳಿಗೆ ಮಾತು ಬಂದದ್ದೂ ಕಲ್ಯಾಣದಲ್ಲೇ, ನಾಲ್ಕು ದಶಕಗಳ ಒಳಗೇ. 1150ರ ದಶಕದ ಕೊನೆಗೆ ಅಧಿಕಾರ ಕಲಚೂರಿ ಬಿಜ್ಜಳನ ಕೈಸೇರಿತು. ಬಸವಣ್ಣನ ಸುತ್ತ ಹಗ್ಗದ ನುಲಿಯ ಚಂದಯ್ಯ, ದೋಣಿಯ ಅಂಬಿಗರ ಚೌಡಯ್ಯ, ಬುಟ್ಟಿ ಹೆಣೆಯುವ ಮೇದಾರ ಕೇತಯ್ಯ ಕೂಡಿದರು. ಪುಸ್ತಕ ಬರೆದ ವರ್ಷ ಹುಟ್ಟಿದ ಮಗುವಿಗೆ ಶರಣರು ಕಲ್ಯಾಣ ಬಿಟ್ಟು ಚದುರಿದಾಗ ನಲವತ್ತರ ಹತ್ತಿರ ವಯಸ್ಸು. ಆ ಮಗುವನ್ನೇ ಆಟದ ಪಾತ್ರವಾಗಿ ಊಹಿಸಿಕೊಳ್ಳಿ. ಕಸುಬು ಹಗ್ಗದ್ದು. ಅರಮನೆಯ ಉಯ್ಯಾಲೆ ಹಬ್ಬಕ್ಕೆ ನಾಲ್ಕು ಎಳೆಯ ಹಗ್ಗ ಬೇಕು. ಕೆರೆದಂಡೆಗೆ ಹೋಗಿ ಹುಲ್ಲು ಕೊಯ್ಯಬೇಕು, ನೀರಲ್ಲಿ ನೆನೆಹಾಕಬೇಕು, ಒಣಗಿದ ಮೇಲೆ ತೊಡೆಯ ಮೇಲಿಟ್ಟು ಹೊಸೆಯಬೇಕು. ಅವಸರ ಮಾಡಿದರೆ ಎಳೆ ಸಡಿಲ, ಉಯ್ಯಾಲೆ ಕಡಿದು ಬಿದ್ದರೆ ಶಿಕ್ಷೆ. ನಿಧಾನ ಮಾಡಿದರೆ ಹಬ್ಬ ತಪ್ಪುತ್ತದೆ. ಅದೇ ಸಂಜೆ ಶರಣರು ಕೂಡುವ ಅನುಭವ ಮಂಟಪಕ್ಕೆ ಹೋಗಬೇಕೆಂಬ ಆಸೆಯೂ ಇದೆ. ಬಹಳ ಆಟಗಳಲ್ಲಿ ಪಾತ್ರ ಬಲಿಯುವುದು ಕೊಂದ ಲೆಕ್ಕದಿಂದ. ಇಲ್ಲಿ ಬಲಿಯುವುದು ಕಾಯಕದಿಂದ. ಬಾಚಿ ತುಂಬಿಕೊಳ್ಳುವ ಚೀಲಕ್ಕೂ ಕಲ್ಯಾಣ ಬೇರೆ ನಿಯಮ ಕೊಡುತ್ತದೆ. ಬಿದ್ದ ಅಕ್ಕಿ ಆಯ್ದು ಬದುಕುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚಿಗೆ ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ತಂದಲ್ಲೇ ಸುರಿದು ಬರಲು ಕಳಿಸಿದ ಕಥೆ ಎಲ್ಲರಿಗೂ ಗೊತ್ತು. ಚೀಲದಲ್ಲಿ ಹೆಚ್ಚಾದದ್ದೇ ಹೊರೆಯಾಗುವ ಆಟ ಇದಾಗಬೇಕು.

ಶರಣರನ್ನು ಗೊಂಬೆಗಳಂತೆ ಆಡಿಸುವುದೇ ಎಂದು ನೋಯುವವರ ಮಾತನ್ನು ತಳ್ಳಿಹಾಕಲಾಗದು. ಆಡುವವರ ಕೈಗೆ ಸಿಗುವ ಪಾತ್ರ ಹೆಸರಿಲ್ಲದ ಕಾಯಕಜೀವಿಯದ್ದಾಗಿ, ಬಸವಣ್ಣ, ಅಕ್ಕಮಹಾದೇವಿ ದೂರದಲ್ಲಿ ಕಾಣುವ, ಕೇಳುವ ವ್ಯಕ್ತಿಗಳಾಗಿ ಉಳಿದರೆ ಗೌರವಕ್ಕೂ ಕುಂದಿಲ್ಲ, ಕಥೆಗೂ ಮೇಲು. ಆಟವೆಂದರೆ ಜೂಜು ಎಂಬ ಭಯಕ್ಕೆ ಉತ್ತರ ಸುಲಭ: 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆಯೇ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಉಳಿದವನ್ನು ಬೇರೆಯಾಗಿ ನೋಡಿದೆ. ಮಾಡುವವರು ಯಾರು ಎಂಬ ಪ್ರಶ್ನೆ ಗಟ್ಟಿ. ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಶುರುವಾದದ್ದು 1997ರಲ್ಲಿ. ಅಂದಿನಿಂದ ನಮ್ಮ ಕಲಾವಿದರು ಹೊರದೇಶದ ಆಟಗಳಿಗೆ ಕಾರು, ಕಟ್ಟಡ, ಬೀದಿ ಬರೆದುಕೊಡುತ್ತ ಬಂದಿದ್ದಾರೆ. ಕೈ ಪಳಗಿದೆ. ಬರೆಯಬೇಕಾದ ಬೀದಿ ಬದಲಾಗಬೇಕು, ಅಷ್ಟೇ.

ಉಳಿಯುವುದು ಭಾಷೆ. ಗಡಿಯಾಚೆಯ ಮನೆಗಳಲ್ಲಿ ಒಳಗೆ ಕನ್ನಡ, ಶಾಲೆಯಲ್ಲಿ ತೆಲುಗು. ಕನ್ನಡದ ಮಾತು ನಾಲಿಗೆಯ ಮೇಲಿದ್ದರೂ ಅಕ್ಷರ ಕಣ್ಣಿಗೆ ಹತ್ತದ ಮಕ್ಕಳು ಇದ್ದಾರೆ. ಅವರಿಗೆ ಪುಸ್ತಕಕ್ಕಿಂತ ಮೊದಲು ದನಿ ಮುಟ್ಟುತ್ತದೆ. ಆ ದನಿ ಬೆಂಗಳೂರಿನ ಓದಿನ ಕನ್ನಡವಾಗದೆ ‘ಯಾವೂರೋ ತಮ್ಮಾ, ಎಲ್ಲಿಗಿ ಹೊಂಟಿ’ ಎಂದು ಕೇಳುವ ಈ ಸೀಮೆಯದೇ ಆಗಿರಲಿ. ಬೊಹೀಮಿಯಾದ ಕಮ್ಮಾರನ ಮಗನಂತೆ ಕಲ್ಯಾಣದ ಹಗ್ಗದವನೂ ಓದು ಕಲಿಯಲು ಕೂರಲಿ. ಅವನ ಮುಂದೆ ಒಂದು ಶಾಸನದ ಕಲ್ಲು ಇರಲಿ. 12ನೇ ಶತಮಾನದಲ್ಲಿ ಕನ್ನಡ, ತೆಲುಗು ಲಿಪಿಗಳು ಇನ್ನೂ ಪೂರ್ತಿ ಬೇರೆಯಾಗಿರಲಿಲ್ಲ. ಗಡಿಯಾಚೆಯ ದೌಲತಾಬಾದಿನ ಹುಡುಗಿಯೊಬ್ಬಳು ಆ ಕಲ್ಲಿನ ಮೇಲೆ ಬೆರಳಾಡಿಸುವಾಗ ಅರ್ಧದಷ್ಟು ಅಕ್ಷರ ಅವಳಿಗೆ ಶಾಲೆಯಲ್ಲೇ ಬಂದಿರುತ್ತವೆ. ಉಳಿದರ್ಧ, ಹೊಸೆದ ಹಗ್ಗ ಮಾರಿ ಬಂದ ಪಾತ್ರದ ಜೊತೆ ಅವಳೂ ಕಲಿಯುತ್ತಾಳೆ.