ಟ್ರೈಲರ್ ದೀಪ ಏಕೆ ಮಂಕಾಯಿತು?

ರಾಗಿ ಕೊಯ್ಲಿನ ಕಾಲದಲ್ಲಿ ಬೇಗ ಕತ್ತಲಾಗುತ್ತದೆ. ಸಂಜೆ ತುಮಕೂರಿನಿಂದ ಗುಬ್ಬಿ ಕಡೆಗೋ ಕುಣಿಗಲ್ ಕಡೆಗೋ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಹೋಗಿದ್ದೀರಾ, ಮಕ್ಕಳೇ? ಹುಲ್ಲು ಹೇರಿದ ಟ್ರ್ಯಾಕ್ಟರ್ ಟ್ರೈಲರ್ ತೀರ ಹತ್ತಿರವಾಗುವವರೆಗೂ ಕಾಣುವುದಿಲ್ಲ. ಟ್ರ್ಯಾಕ್ಟರಿನ ಮುಂದೆ ಝಗಮಗ ಬೆಳಕು, ಟ್ರೈಲರಿನ ಹಿಂದೆ ಕತ್ತಲು. ಬೈಕಿನಲ್ಲಿ ಬರುವವರ ಜೀವ ಉಳಿಸುವುದು ಆ ಹಿಂದಿನ ಕೆಂಪು ದೀಪವೇ.

ದೀಪ ಮಂಕಾದರೆ ಮೊದಲು ಬಲ್ಬು ಬದಲಿಸುತ್ತಾರೆ. ಹೊಸ ಬಲ್ಬೂ ಮಂಕೇ! ಒಮ್ಮೊಮ್ಮೆ ಬ್ರೇಕ್ ತುಳಿದರೆ ಇಂಡಿಕೇಟರ್ ಮಿಣುಕುತ್ತದೆ. ದೆವ್ವವಲ್ಲ, ಬಹುಮಟ್ಟಿಗೆ ಇದು ‘ಅರ್ತ್’ ತೊಂದರೆ.

ತಾತಂದಿರಿಗೆ ಅರ್ತ್ ಎಂದರೆ ಪಂಪ್‌ಸೆಟ್ ಪಕ್ಕದಲ್ಲಿ ಇದ್ದಿಲು, ಉಪ್ಪು ತುಂಬಿದ ಗುಂಡಿ. ಗಾಡಿಯ ಅರ್ತ್ ಬೇರೆ. ರಬ್ಬರ್ ಚಕ್ರದ ಮೇಲೆ ನಿಂತ ಗಾಡಿಗೆ ನೆಲದ ಸಂಪರ್ಕವೆಲ್ಲಿ? ಬ್ಯಾಟರಿಯ ನೆಗೆಟಿವ್ ತುದಿಯನ್ನು ಚಾಸಿಗೆ ಬಿಗಿದಿರುತ್ತಾರೆ. ಕರೆಂಟು ವೈರಿನಲ್ಲಿ ಬಲ್ಬಿಗೆ ಹೋಗಿ, ಗಾಡಿಯ ಕಬ್ಬಿಣದ ಮೈಯಲ್ಲೇ ಮರಳುತ್ತದೆ. ಸಿದ್ಧಗಂಗೆ ಜಾತ್ರೆಗೆ ಹೋದ ಬಸ್ಸು ನಿಲ್ದಾಣಕ್ಕೆ ವಾಪಸ್ ಬಂದರೆ ತಾನೆ ಮುಂದಿನ ಟ್ರಿಪ್ಪು?

ಟ್ರೈಲರಿನಲ್ಲಿ ಈ ವಾಪಸ್ ದಾರಿ ಎಷ್ಟೋ ಸಲ ಕೊಕ್ಕೆಯ ಪಿನ್ ಮೂಲಕವೇ ಇರುತ್ತದೆ. ಅಲ್ಲಿ ಗ್ರೀಸು, ಧೂಳು, ತುಕ್ಕು. ಗುಂಡಿಗೆ ಬಿದ್ದಾಗಲೆಲ್ಲ ಕುಲುಕಾಟ. ದಾರಿ ಕಟ್ಟಾದಾಗ ಬ್ರೇಕಿನ ಕರೆಂಟು ಇಂಡಿಕೇಟರ್ ಬಲ್ಬಿನೊಳಗೆ ನುಗ್ಗಿ, ಅದರ ವೈರು ಹಿಡಿದು ಟ್ರ್ಯಾಕ್ಟರಿಗೆ ಮರಳಲು ನೋಡುತ್ತದೆ. ಮಿಣುಕಾಟದ ಗುಟ್ಟು ಇದೇ.

ಲೆಕ್ಕ ಇಷ್ಟವಿರುವವರಿಗೆ ಒಂದು ಮಾತು. 12 ವೋಲ್ಟಿನ, 21 ವ್ಯಾಟಿನ ಎರಡು ಬ್ರೇಕ್ ಬಲ್ಬುಗಳಿಗೆ ಒಟ್ಟು 3.5 ಆಂಪಿಯರ್ ಬೇಕು. ತುಕ್ಕು ಬರೀ 1 ಓಮ್ ತಡೆ ಒಡ್ಡಿದರೂ ಬಲ್ಬಿಗೆ ಸಿಗುವುದು ಸುಮಾರು 9 ವೋಲ್ಟ್. ಬೆಳಕು ಮಾತ್ರ ಅರ್ಧಕ್ಕಿಂತ ಕೆಳಗಿಳಿಯುತ್ತದೆ!

ಪರೀಕ್ಷೆ ಸುಲಭ, ಆದರೆ ಮಾಡುವವರು ದೊಡ್ಡವರು. ಎಂಜಿನ್ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ದೀಪ ಹಾಕಬೇಕು. ಉದ್ದನೆಯ ವೈರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಟ್ರೈಲರ್ ದೀಪದ ಅರ್ತ್ ಬೋಲ್ಟಿಗೆ ಮುಟ್ಟಿಸಿದಾಗ ದೀಪ ಝಗ್ಗನೆ ಬೆಳಗಿದರೆ ಕಳ್ಳ ಸಿಕ್ಕಿಬಿದ್ದ. (ಪಾಸಿಟಿವ್ ತುದಿಯಿಂದ ಮಾತ್ರ ಈ ವೈರು ಎಳೆಯಬಾರದು, ಕಬ್ಬಿಣಕ್ಕೆ ತಗುಲಿದರೆ ಕಿಡಿ ಹಾರಿ ವೈರೇ ಸುಟ್ಟೀತು.) ಮಕ್ಕಳು ಬದಿಯಲ್ಲಿ ದೂರ ನಿಂತು ಯಾವ ದೀಪ ಹೊತ್ತಿತು ಎಂದು ಕೂಗಿ ಹೇಳಬಹುದು. ಗಾಡಿಯ ಹಿಂದೆ ನಿಲ್ಲುವುದು ಬೇಡ.

ದೀಪ ಬೆಳಗದಿದ್ದರೆ ಫ್ಯೂಸ್, ಸಾಕೆಟ್, ಹೋಲ್ಡರ್ ನೋಡಬೇಕು. ತಿರುವಿನಲ್ಲಿ ಉಜ್ಜಿ ಸವೆದ ವೈರು, ಇಲಿ ಕಡಿದ ವೈರೂ ಇರಬಹುದು.

ಅರ್ತ್ ರಿಪೇರಿಗೆ ದುಡ್ಡಿಗಿಂತ ತಾಳ್ಮೆ ಬೇಕು. ಬೋಲ್ಟು ಬಿಚ್ಚಿ, ಬಣ್ಣ, ತುಕ್ಕು ಹೋಗಿ ಕಬ್ಬಿಣ ಹೊಳೆಯುವವರೆಗೆ ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ಸ್ವಲ್ಪ ಗ್ರೀಸು ಸವರಬೇಕು. ಕೊಕ್ಕೆಯನ್ನು ನಂಬದೆ, ಅರ್ತ್‌ಗೆಂದೇ ಒಂದು ದಪ್ಪ ವೈರನ್ನು ಸಾಕೆಟ್ ಮೂಲಕ ಎಳೆಸುವುದು ನನ್ನ ಪ್ರಕಾರ ಎಲ್ಲಕ್ಕಿಂತ ಮೇಲು. ಏಳು ಪಿನ್ನಿನ ಸಾಕೆಟ್‌ನಲ್ಲಿ ಅದಕ್ಕೆಂದೇ ಒಂದು ಪಿನ್ ಇರುತ್ತದೆ, ಸಾಮಾನ್ಯವಾಗಿ 3ನೆಯದು.

ಹುಲ್ಲು ಹೇರಿದ ಮೇಲೆ ಇನ್ನೊಮ್ಮೆ ಹಿಂದೆ ಹೋಗಿ ನೋಡಿ. ಜೋತುಬಿದ್ದ ಹುಲ್ಲು ದೀಪ ಮುಚ್ಚಿದ್ದರೆ ಕುಡುಗೋಲಿನಿಂದ ಸವರಿಬಿಡಿ. ಕೆಂಪು ರಿಫ್ಲೆಕ್ಟರ್ ಪಟ್ಟಿಯನ್ನೂ ಒರೆಸಿ. ಅದಕ್ಕೆ ಬ್ಯಾಟರಿಯೂ ಬೇಡ, ಅರ್ತೂ ಬೇಡ.